ಮಳೆಗೆ ಉದುರದ ಎಲೆಗಳು

ಮೊನ್ನೆ ಮೊಮ್ಮಗಳು ಜಗಲಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಂದದ್ದೇ ನಾನು ಎಲ್ಲೋ ಹೋಗಿಬಿಟ್ಟೆ... ಮೂಡಿಗೆರೆ ಕಡೆಯ ಒಂದು ಶಾಲೆಯ ಹಿತ್ತಲು, ಮಂಜು, ಮಂಜಿನೊಳಗೊಂದು ನೇರಳೆ ಮರ, ಅದರ ಕೆಳಗೆ ನಮ್ಮ ದೊಡ್ಡ ಟೀಚರ್.

ಎಪ್ಪತ್ತರ ದಶಕದ ಕೊನೆ. ನಾನು ಆಗಷ್ಟೇ ಹೊಲಿಗೆ ಟೀಚರ್ ಆಗಿ ಸೇರಿದ್ದೆ. ಅವರು ವಿಜ್ಞಾನ ಹೇಳಿಕೊಡುತ್ತಿದ್ದರು, ನಲವತ್ತು ದಾಟಿತ್ತು. ತಮ್ಮ ಉಗುರಿಗೆ ಎಂದೂ ಬಣ್ಣ ಹಚ್ಚದ ಅವರ ಚೀಲದಲ್ಲಿ ಕೆಂಪು ನೇಲ್ ಪಾಲಿಶಿನ ಶೀಶೆ ಇರುತ್ತಿತ್ತು. ಕೈಗೆಟಕುವ ಕೊಂಬೆಯ ಇಪ್ಪತ್ತು ಎಲೆಗಳಿಗೆ ಅದರಿಂದ ಒಂದೊಂದು ಚುಕ್ಕೆ ಇಟ್ಟಿದ್ದರು. ಚಳಿ ದೇಶದ ಮರಗಳು ಚಳಿಗೆ ಎಲೆ ಉದುರಿಸುತ್ತವೆ ಅಂತ ಪುಸ್ತಕದಲ್ಲಿತ್ತು. ನಮ್ಮ ಮರ ಯಾವಾಗ ಉದುರಿಸುತ್ತದೆ, ಮಳೆಗೋ ಬಿಸಿಲಿಗೋ, ಅದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಹಟ.

ಮಳೆಗಾಲ ಶುರುವಾಗುವಾಗ ಅವರ ತಾಯಿಗೆ ಲಕ್ವ ಹೊಡೆಯಿತು. ರಜೆ ಹಾಕಿ ತಮ್ಮೂರು ಕಳಸಕ್ಕೆ ಹೊರಟವರು, "ವಾರಕ್ಕೊಂದ್ಸಲ ಎಣಿಸಿ ಕಾರ್ಡ್ ಹಾಕು" ಎಂದರು. ಮೊದಲೆರಡು ವಾರ ಮರದ ಹತ್ತಿರ ಹೋದೆ. ಆಮೇಲೆ ಮಳೆ ಹಿಡಿಯಿತು. ಕೊಡೆ ನಿಲ್ಲದ ಗಾಳಿ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ... ತರಗತಿಯ ಕಿಟಕಿಯಿಂದಲೇ ಹಿತ್ತಲು ನೋಡಿ, ಈ ಮಳೆಗೆ ಎಲೆ ಎಲ್ಲಿ ಉಳಿದೀತು ಅಂದುಕೊಂಡು, ಎರಡು ಬಿತ್ತು, ಮೂರು ಬಿತ್ತು ಎಂದು ಬರೆದೆ. ಒಟ್ಟು ಹನ್ನೊಂದು ಎಲೆ ಕಾರ್ಡಿನಲ್ಲೇ ಬೀಳಿಸಿದೆ. ಅವರು ಅದನ್ನು ನಂಬಿ, ನೇರಳೆ ಮಳೆಗೇ ಎಲೆ ಉದುರಿಸುತ್ತದೆ ಎಂದು ಶಿಕ್ಷಕರ ಪತ್ರಿಕೆಯೊಂದಕ್ಕೆ ಲೇಖನ ಕಳಿಸಿದರು. ಅಚ್ಚಾಗಿಯೂ ಬಂತು.

ತಾಯಿ ತೀರಿಕೊಂಡ ಮೇಲೆ, ದೀಪಾವಳಿ ಕಳೆದು ಅವರು ವಾಪಸ್ ಬಂದರು. ಬಂದ ಬೆಳಿಗ್ಗೆಯೇ ಮರದ ಹತ್ತಿರ ಹೋದರು. ನಾನು ಹಿಂದೆ ನಿಂತಿದ್ದೆ. ಚುಕ್ಕೆಗಳು ಮಾಸಿದ್ದವು, ಆದರೆ ಇದ್ದವು. ಬೆರಳಿಟ್ಟು ಎಣಿಸಿದರು. ಹದಿನೆಂಟು.

ಕೊಂಬೆ ಬಿಟ್ಟು ನನ್ನ ಕಡೆ ತಿರುಗಿ, "ನೋಡ್ಲಿಕ್ಕೆ ಆಗ್ಲಿಲ್ಲ ಅಂತ ಬರೆದಿದ್ರೆ ಸಾಕಿತ್ತು ಮಾರಾಯ್ತಿ" ಎಂದರು.

ಅಂದೇ ಪತ್ರಿಕೆಗೆ ತಿದ್ದುಪಡಿ ಬರೆದರು. ತಪ್ಪು ತಮ್ಮದೆಂದೇ ಬರೆದರು, ನನ್ನ ಸುದ್ದಿ ಎತ್ತಲಿಲ್ಲ. ಆ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದವಳು ನಾನೇ.

ಸಂಕ್ರಾಂತಿ ಕಳೆದ ಮೇಲೆ, ಒಂದು ಹನಿ ಮಳೆಯಿಲ್ಲದ ಒಣ ದಿನಗಳಲ್ಲಿ, ಚುಕ್ಕೆಯ ಎಲೆಗಳು ಒಂದೊಂದಾಗಿ ಇಳಿದವು. ಸಂಜೆ ಇಬ್ಬರೂ ಅಲ್ಲೇ ಕೂತಿರುತ್ತಿದ್ದೆವು. ಗಾಳಿಯೂ ಇರುತ್ತಿರಲಿಲ್ಲ, ಎಲೆ ತಾನಾಗಿ ಕಳಚಿ ತಿರುಗುತ್ತಾ ತಿರುಗುತ್ತಾ... ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆಗೂ ಮುಂಚೆಯೇ ಆ ಕೊಂಬೆಯ ತುದಿಗಳಲ್ಲಿ ತಾಮ್ರದ ಬಣ್ಣದ ಚಿಗುರು ಬಂತು.

"ಮಳೆಗೆ ಕಾಯ್ಲೇ ಇಲ್ಲ ನೋಡು" ಎಂದರು ದೊಡ್ಡ ಟೀಚರ್. ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ.

ಮುಂದೆ ಅವರಿಗೆ ಕಳಸಕ್ಕೇ ವರ್ಗವಾಯಿತು. ವರ್ಷಕ್ಕೊಂದು ಕಾರ್ಡ್ ಬರುತ್ತಿತ್ತು: "ಇಲ್ಲಿ ಚಿಗುರಿತು. ಅಲ್ಲಿ?" ನಾನು ಹೋಗಿ ನೋಡಿಯೇ ಉತ್ತರ ಬರೆಯುತ್ತಿದ್ದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ವರ್ಷ ಕಾರ್ಡ್ ಬರಲಿಲ್ಲ... ಅವರು ತೀರಿಕೊಂಡು ತಿಂಗಳಾಗಿತ್ತೆಂದು ಆಮೇಲೆ ತಿಳಿಯಿತು. ತಪ್ಪಾಯ್ತು ಎಂಬ ಮಾತನ್ನು ನಾನು ಬಾಯಿಬಿಟ್ಟು ಹೇಳಿರಲೇ ಇಲ್ಲ.

ಈಗ ನಮ್ಮ ಕಡೆ ಜನವರಿಯಲ್ಲೂ ಮಳೆ ಸುರಿಯುವುದುಂಟು. ಈ ಸಲ ಪಕ್ಕದ ತೋಟದವರು ಬೇಲಿಯಾಚೆಯಿಂದ, "ಟೀಚರೇ, ಮರಗಳಿಗೂ ಗಲಿಬಿಲಿ ಆಗಿರ್ಬೇಕಲ್ವಾ?" ಎಂದು ಕೇಳಿದರು. ದೊಡ್ಡ ಟೀಚರ್ ಇದ್ದಿದ್ದರೆ ಒಂದು ಕಾರ್ಡ್ ಹಾಕಿ ಕೇಳಬಹುದಿತ್ತು. ಅವರಿಲ್ಲ.

"ಗೊತ್ತಿಲ್ಲ," ಎಂದೆ, "ನಾನಿನ್ನೂ ನೋಡಿಲ್ಲ."