ಕಾಕು ತವರಿಗೆ ಹೋಗಲಿಲ್ಲ

ಕೆಳಗಿನ ಮನೆಯಲ್ಲಿ ಬಾಣಂತಿಗೆ ಅಜವಾನದ, ಅಂದರೆ ಓಮದ, ಹೊಗೆ ಹಾಕುತ್ತಿದ್ದಾರೆ. ಕೆಂಡಕ್ಕೆ ಬಿದ್ದ ಆ ಘಾಟು ಹೈದರಾಬಾದಿನ ಗಚ್ಚಿಬೌಲಿಯ ಈ ಏಳನೇ ಮಹಡಿಗೂ ಹತ್ತಿ ಬಂತು. ಆ ವಾಸನೆಗೆ ಎಲ್ಲರಿಗೂ ಅಮ್ಮ ನೆನಪಾಗುತ್ತಾಳಂತೆ. ನನಗೆ ಮೈ ಉರಿಯುತ್ತದೆ. ನೆನಪಾಗುವುದು ಕಾಕು...

ಇದೇ ಊರಿನ ತಾರ್ನಾಕದಲ್ಲಿ ನಾವು ಮೊದಲಿದ್ದಾಗ ನಮ್ಮ ಎದುರು ಮನೆಯವರು, ಬಿಜಾಪುರದ ಕಡೆಯವರು. ಕಾಕು ಎಂದರೆ ಆ ಕಡೆ ಚಿಕ್ಕಮ್ಮ; ಓಣಿಗೆಲ್ಲ ಅವರು ಕಾಕುವೇ. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ನಾನೂ ಅಂಥದೊಂದರಲ್ಲಿ ಕೆಲಸಕ್ಕಿದ್ದೆ. ಮೈಸೂರಿನಿಂದ ಅಮ್ಮ ಬರಲಾಗದೆ, ನನ್ನ ಬಾಣಂತನವನ್ನು ಕಾಕುವೇ ಮೈಮೇಲೆ ಹಾಕಿಕೊಂಡರು. ಹೊಗೆ ಹಾಕಿ, ಹಳೆಯ ಸೀರೆಯಿಂದ ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿಯಾಗಿ ಹೊಟ್ಟೆ ಕಟ್ಟುತ್ತಿದ್ದರು. ಒಂದು ದಿನ ಘಾಟಿಗೆ ಸೀನಿದೆ. ತಡೆಯಲಾಗದೆ ಮೂತ್ರ ಜಾರಿ ಬಟ್ಟೆ ಒದ್ದೆಯಾಯಿತು. ನಾಚಿಕೆಯಿಂದ ಅತ್ತುಬಿಟ್ಟೆ.

ಕಾಕು ಬಾಗಿಲು ಮುಂದೆ ಮಾಡಿದರು. "ಅಳಬ್ಯಾಡ ತಂಗಿ. ನನಗೂ ಹಿಂಗ ಆಗ್ತೈತಿ... ಮಗಳು ಹುಟ್ಟಿದಾಗಿಂದ. ಅವ್ವ ಹಾಸಿಗಿ ಹಿಡದಾಳ, ಹೋಗಾಕ ಆಗಿಲ್ಲ. ಅಷ್ಟು ದೂರ ಬಸ್ಸಿನ್ಯಾಗ ಹ್ಯಾಂಗ ಕೂಡ್ಲಿ?"

ತವರಿನವರಿಗೆ ಇದು ಗೊತ್ತಿರಲಿಲ್ಲ. ಹೈದರಾಬಾದಿಗೆ ಹೋದವಳಿಗೆ ಸೊಕ್ಕು ಬಂದಿದೆ ಎಂದು ಅವರ ತೀರ್ಮಾನ. ಗಂಡನಿಗೆ ಗೊತ್ತಿತ್ತು. ಆ ಪುಣ್ಯಾತ್ಮ ಪ್ರತಿ ಮದುವೆಗೂ ಒಬ್ಬರೇ ಹೋಗಿ, "ಆಕಿಗೆ ಬರೂ ಮನಸ್ಸಿಲ್ರಿ" ಎಂದು ಹೇಳಿ, ಹೊಟ್ಟೆ ತುಂಬ ಉಂಡು ಬರುತ್ತಿದ್ದರು. ಡಾಕ್ಟರಮ್ಮನೋ, ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಕಳಿಸಿದ್ದರಂತೆ. ಇದ್ದದ್ದೇ! ಹಾಸಿಗೆ ಹಿಡಿದ ತಾಯಿಯ ಮುಖ ನೋಡಲಾಗದೆ ಮಗಳು ಕೂತಿರುವುದೂ ಇದ್ದದ್ದೇನು?

ನಾನು ಹೋಗಿ ತೋರಿಸಿಕೊಂಡ ಫಿಸಿಯೋಥೆರಪಿಸ್ಟ್ ಮೊದಲು ಹೊಟ್ಟೆಯ ಆ ಕಟ್ಟು ಬಿಚ್ಚಿಸಿದರು. ಬಿಗಿದಷ್ಟೂ ಭಾರವೆಲ್ಲ ಕೆಳಗೆ, ಹೆರಿಗೆಯಲ್ಲಿ ಸೋತ ಸ್ನಾಯುಗಳ ಮೇಲೇ ಬೀಳುತ್ತದಂತೆ. ಉಸಿರು ಬಿಡುತ್ತಾ, ಮೂತ್ರವನ್ನೂ ವಾಯುವನ್ನೂ ತಡೆಯುವ ಹಾಗೆ ಒಳಗಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಸ್ವಲ್ಪ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಕಾಕುವನ್ನೂ ಕರೆದೊಯ್ದೆ. ಆಮೇಲೆ ದಿನವೂ ಚಹಾ ಮುಂದಿಟ್ಟುಕೊಂಡು, ನೋಡುವವರಿಗೆ ಸುಮ್ಮನೆ ಕೂತಂತೆ ಕಾಣುವ ಹಾಗೆ, ಇಬ್ಬರೂ ಅದನ್ನೇ ಮಾಡುತ್ತಿದ್ದೆವು. ತಿಂಗಳುಗಳು ಕಳೆದ ಮೇಲೆ ಒಮ್ಮೆ ಜೋರಾಗಿ ಕೆಮ್ಮಿದ ಕಾಕು ಎದ್ದು ನಿಂತು, "ಏನೂ ಆಗಲಿಲ್ಲ ತಂಗಿ! ದೀಪಾವಳಿಗೆ ಅವ್ವನ ಕಡೆ ಹೋಗ್ತೀನಿ" ಎಂದರು.

ಅವ್ವ ದಸರೆಗೆ ಮೊದಲೇ ತೀರಿಕೊಂಡರು.

ಅವ್ವನ ಮಣ್ಣಿಗೆಂದು ಹೋದ ಕಾಕುವನ್ನು ಅಣ್ಣ ಹೊಸ್ತಿಲಲ್ಲೇ ನಿಲ್ಲಿಸಿ, "ಈಗ ಪುರಸೊತ್ತು ಸಿಕ್ತೇನು?" ಎಂದನಂತೆ. ಪಕ್ಕದಲ್ಲೇ ಇದ್ದ ಗಂಡ ತುಟಿ ಬಿಚ್ಚಲಿಲ್ಲ. ನನಗೆ ಇದನ್ನು ಹೇಳುವಾಗ ಕಾಕು ಅಳಲೂ ಇಲ್ಲ...

ಈಗ ಕಾಕುವೂ ಇಲ್ಲ. ಮೊನ್ನೆ ಅವರ ಗಂಡನನ್ನು ನೋಡಲು ಹೋಗಿದ್ದೆ. ಪ್ರಾಸ್ಟೇಟ್ ಆಪರೇಷನ್ ಆಗಿದೆ. ಬಂದ ನೆಂಟರೆಲ್ಲರ ಮುಂದೆ, "ಮೂತ್ರ ತಡಿಯಾಕ ಆಗವಲ್ದ್ರಿ, ಎಲ್ಲೂ ಹೋಗಾಕ ಬರಂಗಿಲ್ಲ" ಎಂದು ಹೇಳಿಕೊಳ್ಳುತ್ತಿದ್ದರು. ಎಲ್ಲರೂ ಅಯ್ಯೋ ಪಾಪ ಎಂದರು. ಊರಿಂದ ಬಂದಿದ್ದ ಕಾಕುವಿನ ಅಣ್ಣನೂ ಅಂದ.

"ಅವತ್ತು ಹೊಸ್ತಿಲಲ್ಲಿ ನೀವು ಕಾಕುವಿನ ಬಗ್ಗೆಯೂ ಇದನ್ನೇ ಹೇಳಬಹುದಿತ್ತಲ್ಲ?" ಎಂದೆ, ಎಲ್ಲರಿಗೂ ಕೇಳುವಂತೆ. ಅಣ್ಣ ಭಾವನ ಮುಖ ನೋಡಿದ. ಭಾವ ತಲೆ ತಗ್ಗಿಸಿದರು. ಅಣ್ಣನಿಗೆ ಈಗ ಗೊತ್ತಾಯಿತು. ಅವನಿಗೆ ಗೊತ್ತಾಯಿತೆಂದು ಕಾಕುವಿಗೆ ಗೊತ್ತಾಗುವುದಿಲ್ಲ.