ಎರಡು ರಾಶಿಯವಳು

ಕಳೆದ ವಾರ ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮೊಬೈಲಿನಲ್ಲಿ ರಾಶಿ ಭವಿಷ್ಯ ಕೇಳುತ್ತಿದ್ದಳು. ಕೇಳುತ್ತಿದ್ದಳು ಎನ್ನುವುದಕ್ಕಿಂತ ಇಡೀ ಬಸ್ಸಿಗೆ ಕೇಳಿಸುತ್ತಿದ್ದಳು ಎಂದರೆ ಸರಿ. ಕನ್ಯಾ ರಾಶಿ ಮುಗಿಯುವ ಹೊತ್ತಿಗೆ ಅವಳಿಗೆ ನನ್ನ ಮೇಲೂ ಕರುಣೆ ಬಂತು.

"ನಿಮ್ದು ಯಾವ ರಾಶಿರಿ ಅಕ್ಕಾರ? ಅದನ್ನೂ ಹಚ್ಚತೇನಿ."

"ನಂದು ಎರಡು ಅದಾವ್ರಿ" ಎಂದೆ.

ಅವಳು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ತೊಡೆಯ ಮೇಲಿದ್ದ ಚೀಲವನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳು. ಪಾಪ, ಅವಳ ತಪ್ಪಿಲ್ಲ. ಆದರೆ ನಾನೂ ಸುಳ್ಳು ಹೇಳಿರಲಿಲ್ಲ. ನಿಮಗಾದರೂ ಬಿಡಿಸಿ ಹೇಳುತ್ತೇನೆ, ಕೇಳಿ.

ನಾನು ಮತ್ತು ಗಿರಿಜಾ ಅವಳಿ ಜವಳಿ. ಮುಖ ಎಷ್ಟು ಒಂದೇ ಎಂದರೆ ಅಪ್ಪ ಈಗಲೂ ಯಾರಾದರೊಬ್ಬರು ಮಾತಾಡುವವರೆಗೆ ಹೆಸರು ಹಿಡಿದು ಕರೆಯುವುದಿಲ್ಲ. ನಾವು ಹುಟ್ಟಿದ್ದು ಹಳಿಯಾಳದ ಮನೆಯಲ್ಲಿಯೇ. ಮೊದಲು ಗಿರಿಜಾ, ಸ್ವಲ್ಪ ಹೊತ್ತು ಬಿಟ್ಟು ನಾನು. ಆ ಸ್ವಲ್ಪ ಹೊತ್ತಿನಲ್ಲಿಯೇ ಚಂದ್ರ ತುಲಾ ರಾಶಿಯಿಂದ ಎದ್ದು ವೃಶ್ಚಿಕಕ್ಕೆ ಹೋಗಿ ಕುಳಿತನಂತೆ. ವಿಶಾಖಾ ನಕ್ಷತ್ರ ಇಬ್ಬರಿಗೂ ಒಂದೇ. ಮೂರನೇ ಪಾದದಲ್ಲಿ ಬಂದ ಗಿರಿಜಾ ತಕ್ಕಡಿ, ನಾಲ್ಕನೇ ಪಾದಕ್ಕೆ ತಡಮಾಡಿ ಬಂದ ನಾನು ಚೇಳು. ಪಂಚಾಂಗ ನೋಡಿದ ಅಯ್ಯನವರು ಇಷ್ಟು ಹೇಳಿ ಮನೆಗೆ ಹೋದರು. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಅಲ್ಲಿಂದಲೇ ಶುರು ಮಾಡಿದಳು.

ತೊಟ್ಟಿಲಲ್ಲಿ ಗಿರಿಜಾ ಅತ್ತರೆ ಅವಳಿಗೆ ಹಸಿವು, ನಾನು ಅತ್ತರೆ ಹಟ. ಒಮ್ಮೆ ನಮ್ಮ ಮಾಮನ ಮಗ ಗಿರಿಜಾಳ ಕೈಯಲ್ಲಿದ್ದ ಮಾವಿನಹಣ್ಣು ಕಸಿದುಕೊಂಡಾಗ ನಾನು ಅವನ ಬೆನ್ನಿಗೆ ಒಂದು ಗುದ್ದಿದೆ. "ನೋಡ್ರಿ, ಕುಟುಕಿದ್ಲು!" ಎಂದು ಅಜ್ಜಿ ಓಣಿಗೆಲ್ಲ ಹೇಳಿ ಬಂದಳು. ನಿಜ ಹೇಳಬೇಕೆಂದರೆ ಚೇಳಾಗಿರುವುದರಲ್ಲಿ ಬಹಳ ಸುಖವಿದೆ. ನನ್ನ ತಾಟಿಗೆ ಯಾವಾಗಲೂ ಉಬ್ಬಿದ ರೊಟ್ಟಿಯೇ ಬೀಳುತ್ತಿತ್ತು; ಕರಕಾದದ್ದು ಗಿರಿಜಾಳಿಗೆ. "ತುಲಾ ರಾಶಿ, ಹೊಂದಿಕೊಂಡ ಹೋಗ್ತಾಳ" ಎಂದು ಅಜ್ಜಿ ಅವಳ ತಲೆ ಸವರುತ್ತಿದ್ದಳು. ತಲೆ ಸವರಿದರೆ ರೊಟ್ಟಿಯ ಕರಕು ಹೋಗುತ್ತದೆಯೇ? ಗಿರಿಜಾ ಮಾತ್ರ ಚೂರೂ ಬಿಡದೆ ತಿನ್ನುತ್ತಿದ್ದಳು.

ಹೀಗೇ ದೊಡ್ಡವರಾದೆವು. ನಾನು ಒಂದು ಶಾಲೆಯಲ್ಲಿ ಪಾಠ ಹೇಳತೊಡಗಿದೆ. ಗಿರಿಜಾಳಿಗೆ ದಾಂಡೇಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹಿರಿಯವಳೆಂದು ಮೊದಲು ಅವಳಿಗೆ ಮುಂಡಗೋಡ ಕಡೆಯ ಮಳಗಿ ಎಂಬ ಊರಿನಿಂದ ಒಂದು ಸಂಬಂಧ ಬಂತು. ಹೊಲ, ಮನೆ, ನೌಕರಿಯಲ್ಲಿದ್ದ ಹುಡುಗ, ಎಲ್ಲ ಸರಿ. ಆದರೆ ಮದುವೆಯಾದ ಮೇಲೆ ಲ್ಯಾಬಿನ ಕೆಲಸ ಬಿಡಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಗಿರಿಜಾ "ಹೂಂ" ಅಂದಳು. ಆಮೇಲೆ ಊಟ ಕಡಿಮೆ ಮಾಡಿದಳು.

"ನಿನಗ ಮನಸ್ಸೈತೇನ?" ಎಂದು ಹಿತ್ತಲಲ್ಲಿ ಕೇಳಿದೆ.

"ಎಲ್ಲಾರಿಗೂ ಐತೆಲ್ಲ" ಎಂದಳು, ಬಟ್ಟೆ ಹಿಂಡುತ್ತ. ಹಿಂಡಿದ್ದನ್ನೇ ಮತ್ತೆ ಹಿಂಡುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ನಮ್ಮ ಅವ್ವ ಮನೆಯಲ್ಲಿ ಏನಾದರೂ ಅನ್ನುವುದೇ ಕಡಿಮೆ. ಅನ್ನುವ ಇಲಾಖೆ ಪೂರ್ತಿ ಅಜ್ಜಿಯ ಕೈಯಲ್ಲಿತ್ತು.

ಗಂಡಿನವರು ಬಂದರು. ಹುಡುಗ, ಅವನ ತಾಯಿ, ಒಬ್ಬ ಕಾಕಾ. ಉಪ್ಪಿಟ್ಟು, ಶಿರಾ ಆಯಿತು. ಹುಡುಗನ ತಾಯಿ ಗಿರಿಜಾಳ ಗಲ್ಲ ಹಿಡಿದು, "ತುಲಾ ರಾಶಿ ಹುಡುಗಿ ಅಂದ್ರ ನಮಗ ಚಿಂತಿಲ್ರಿ. ಹಾಕಿದ ಗೆರಿ ದಾಟಂಗಿಲ್ಲ" ಎಂದರು. ಅಜ್ಜಿ ತಾನೇ ಆ ರಾಶಿಯನ್ನು ಕೈಯಾರೆ ಮಾಡಿದವಳಂತೆ ನಕ್ಕಳು. ಇನ್ನೇನು ಎಲೆ ಅಡಿಕೆ ತಟ್ಟೆ ಬರಬೇಕು, ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು.

"ಒಂದ ಮಾತ ಐತ್ರಿ. ನಾಳೆ ಮುಚ್ಚಿಟ್ರು ಅನಬಾರ್ದು. ಮೊದಲ ಹುಟ್ಟಿದಾಕಿ ಗಿರಿಜಾ ಅಲ್ರಿ. ಈಕಿ" ಎಂದು ನನ್ನ ಕಡೆ ಕೈ ಮಾಡಿದಳು. "ಬಾಣಂತಿ ಕ್ವಾಣ್ಯಾಗ ಅದಲ ಬದಲ ಆಗಿತ್ತು. ಗಿರಿಜಾಂದು ವೃಶ್ಚಿಕ."

ಉಪ್ಪಿಟ್ಟಿನ ಚಮಚೆಗಳು ನಿಂತವು. ಅಜ್ಜಿಯ ಕಣ್ಣು ಹಣೆಗೆ ಏರಿತು. "ಇಷ್ಟ ವರ್ಷ ಬಾಯಾಗ ಏನ ಇಟ್ಕೊಂಡಿದ್ದಿ?"

"ನೀವು ಕೇಳಿರಲಿಲ್ಲಲ್ರಿ ಅತ್ತಿ."

ನಿಜ, ಯಾರೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಸೂಲಗಿತ್ತಿ ತೀರಿಹೋಗಿ ಬಹಳ ಕಾಲವಾಗಿತ್ತು. ಹುಡುಗನ ತಾಯಿ ಗಿರಿಜಾಳ ಗಲ್ಲದ ಮೇಲಿದ್ದ ಕೈಯನ್ನು ಬಿಸಿ ಪಾತ್ರೆ ಮುಟ್ಟಿದಂತೆ ಹಿಂದಕ್ಕೆ ತೆಗೆದುಕೊಂಡರು. ಕಾಕಾ ಮಾತ್ರ ವ್ಯವಹಾರಸ್ಥರು. "ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ತುಲಾದಾಕಿ ಇಲ್ಲೇ ಅದಾಳಲ್ಲ. ಮುಖಾನೂ ಒಂದ ಐತಿ. ಈಕಿನ್ನ ಮಾಡ್ಕೊಂಡ್ರಾತು."

ಎಲ್ಲರೂ ನನ್ನತ್ತ ತಿರುಗಿದರು. ತುಲಾ ರಾಶಿಗೆ ಬಂದು ಇನ್ನೂ ಕುಳಿತುಕೊಳ್ಳಲೂ ಬಿಟ್ಟಿರಲಿಲ್ಲ, ಆಗಲೇ ಗಂಡು! ಆದರೂ ಹೊಸ ರಾಶಿಗೆ ಮರ್ಯಾದೆ ಕೊಡಬೇಕೆಂದು ಮೆಲ್ಲಗೆ ಹೇಳಿದೆ: "ನಾ ನೌಕರಿ ಬಿಡತೇನ್ರಿ ಕಾಕಾರ. ಆದ್ರ ನಿಮ್ಮ ಹುಡುಗನೂ ಬಿಡಬೇಕಾಗ್ತೈತ್ರಿ. ತಕ್ಕಡಿ ಅಂದಮ್ಯಾಲೆ ಎರಡೂ ಕಡಿ ಸಮ ಇರಬೇಕಲ್ರಿ?"

ನಕ್ಕವನು ಹುಡುಗನೊಬ್ಬನೇ, ಅವನಿಗೂ ಉಪ್ಪಿಟ್ಟು ನೆತ್ತಿಗೇರಿತು. ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು.

ಅಂದು ಸಂಜೆ ಊಟಕ್ಕೆ ಕುಳಿತಾಗ ಗಿರಿಜಾಳ ತಾಟಿಗೆ ಎಂದಿನಂತೆ ಕರಕಾದ ರೊಟ್ಟಿ ಬಿತ್ತು. ಅವಳು ಅದನ್ನು ನೋಡಿದಳು. ಎತ್ತಿದಳು. ತಿರುಗಿಸಿ ನೋಡಿದಳು. ಆಮೇಲೆ ಬುಟ್ಟಿಗೆ ವಾಪಸ್ ಇಟ್ಟಳು.

"ಇದು ನನಗ ಬ್ಯಾಡ."

ಮೂರೇ ಶಬ್ದ, ಆದರೆ ಮಾತು ಪೂರ್ತಿ ಹೊರಗೆ ಬಂದಿತ್ತು. ನಾವೆಲ್ಲ ಅಜ್ಜಿಯ ಮುಖ ನೋಡಿದೆವು. ಅಜ್ಜಿ ಭಯಭಕ್ತಿಯಿಂದ "ವೃಶ್ಚಿಕ..." ಎಂದು ಪಿಸುಗುಟ್ಟಿ, ತನ್ನ ತಾಟಿನ ಉಬ್ಬಿದ ರೊಟ್ಟಿ ತೆಗೆದು ಅವಳಿಗೆ ಹಾಕಿದಳು. ಕರಕಾದದ್ದು ನನ್ನ ಪಾಲಿಗೆ ಬಂತು. ಅದು ಅಷ್ಟು ಕಹಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಜ್ಜಿಯ ನೆನಪಿನ ಶಕ್ತಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ವಾರದೊಳಗೆ ಎಲ್ಲ ತಿದ್ದುಪಡಿ ಆಯಿತು. ಗಿರಿಜಾ ಮಾತಾಡದೇ ಇದ್ದದ್ದು ಸಂಭಾವಿತತನವಲ್ಲ, ಒಳಗೊಳಗೇ ವಿಷ ಕೂಡಿಸಿಕೊಳ್ಳುತ್ತಿದ್ದದ್ದು! ನಾನು ಮಾಮನ ಮಗನಿಗೆ ಗುದ್ದಿದ್ದು ಕುಟುಕಿದ್ದಲ್ಲ, ನ್ಯಾಯ ಮಾಡಿದ್ದು! "ನಾ ಅವತ್ತ ಅಂದಿದ್ನಿ" ಎಂದು ಬೇರೆ ಸೇರಿಸುತ್ತಿದ್ದಳು. ಓಣಿಯವರೂ ಹೌದೆಂದರು. ಅಂದಿನಿಂದ ಅತ್ತೆ ಸೊಸೆಯರ ಜಗಳಗಳೆಲ್ಲ ತೀರ್ಪಿಗೆ ನನ್ನ ಬಳಿ ಬರತೊಡಗಿದವು; ನಾನು ಎರಡೂ ಕಡೆಯ ಚಹಾ ಕುಡಿದು ಸಮನಾಗಿ ತಲೆಯಾಡಿಸುವುದನ್ನು ಕಲಿತೆ.

ಗಿರಿಜಾ ಕೆಲಸ ಬಿಡಲಿಲ್ಲ. ಮುಂದೆ ತಾನೇ ಒಪ್ಪಿದವನನ್ನು ಮದುವೆಯಾದಳು. ಈಗ ದಾಂಡೇಲಿ ಕಡೆಯ ರಾಮನಗರದಲ್ಲಿ ಮನೆ ಮಾಡಿದ್ದಾಳೆ. ಅವಳ ಅತ್ತೆ ಅವಳನ್ನು ಕೇಳದೆ ಕಾಯಿಪಲ್ಯೆಯನ್ನೂ ಕೊಳ್ಳುವುದಿಲ್ಲ. ಹೆದರಿ ಅಲ್ಲ, ಅವಳು ಕೊಂಡರೆ ಬದನೆಕಾಯಿಯಲ್ಲಿ ಹುಳ ಇರುವುದಿಲ್ಲವೆಂದು. ಅಜ್ಜಿ ಈಗ ಇಲ್ಲ.

ಅಂದು ದಾಂಡೇಲಿಯಲ್ಲಿ ಬಸ್ಸಿಳಿದು, ಕೆಲಸ ಮುಗಿಸಿ ಹಳಿಯಾಳದ ಮನೆಗೆ ಬಂದವಳು ಅವ್ವನ ಎದುರು ಕುಳಿತೆ. ಅವಳು ಅಕ್ಕಿ ಹಸನು ಮಾಡುತ್ತಿದ್ದಳು. ಇಷ್ಟು ವರ್ಷ ಕೇಳದೇ ಬಿಟ್ಟದ್ದನ್ನು ಕೇಳಿಯೇಬಿಟ್ಟೆ. "ಖರೇ ಹೇಳು ಅವ್ವಾ. ಮೊದಲ ಹುಟ್ಟಿದ್ದು ಯಾರು?"

"ನನಗೇನ ಗೊತ್ತು? ಹಡಿಯೂ ಹೊತ್ತಿನ್ಯಾಗ ಎಚ್ಚರ ಇದ್ರಲ್ಲ ನೋಡೂದು! ಕಣ್ಣ ತೆಗದಾಗ ಇಬ್ರೂ ಸೇರಿ ಮನಿ ಹಾರಿಸಾಕತ್ತಿದ್ರಿ."

ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ, ಅಜ್ಜಿಯ ಕಣ್ಣೆದುರಿಗೆ, ಇವಳು! ನಗುತ್ತಲೇ ಕೇಳಿದೆ: "ಹಂಗಾರ ನಿಂದು ಯಾವ ರಾಶಿ?"

ಅವ್ವ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ಈ ಮನಿಗೆ ಬಂದಾಗಿಂದ ಯಾರೂ ಕೇಳಿಲ್ಲ. ಅದಕ್ಕ ಆರಾಮ ಅದೇನಿ. ನೀನೂ ಕೇಳಬ್ಯಾಡ."

ನಾನು ಕೇಳಲಿಲ್ಲ. ಮೊರದ ಈಚೆ ಬದಿಯನ್ನು ನನ್ನ ಕಡೆ ಎಳೆದುಕೊಂಡು, ಅವಳ ಮುಖವನ್ನೇ ನೋಡುತ್ತ ಕಲ್ಲು ಆರಿಸತೊಡಗಿದೆ.