ಜಟ್ಟೆಮ್ಮನ ಗದ್ದದ ಮೂರು ಚುಕ್ಕೆ

ಬೆಳಗಿನ ಐದೂವರೆ. ಕೆ.ಆರ್. ಪುರದ ಸಂತೆಬೀದಿಯಲ್ಲಿ ಇನ್ನೂ ಸೊಪ್ಪಿನ ಮೂಟೆಗಳು ಇಳಿಯುತ್ತಿವೆ. ಹಾಲಿನ ಬೂತಿನ ಪಕ್ಕದಲ್ಲಿ, ಹತ್ತಡಿ ಅಗಲವೂ ಇಲ್ಲದ ಅಣ್ಣಮ್ಮ ಫೋಟೊ ಸ್ಟುಡಿಯೊದ ಷಟರ್ ಮಾತ್ರ ಆಗಲೇ ಮೇಲೆದ್ದಿದೆ. ಒಳಗೆ ಸ್ಟೂಲಿನ ಮೇಲೆ ಧನಲಕ್ಷ್ಮಿ ಎಂಬ ಗಾರ್ಮೆಂಟ್ಸ್ ಹುಡುಗಿ ಕೂತಿದ್ದಾಳೆ. ಮಡಿಲಲ್ಲಿ ಊಟದ ಡಬ್ಬಿ. ಆರೂಕಾಲಿನ ಬಸ್ಸು ತಪ್ಪಿದರೆ ಫ್ಯಾಕ್ಟರಿ ಗೇಟಿನಲ್ಲಿ ಅರ್ಧ ದಿನದ ಸಂಬಳಕ್ಕೆ ಕತ್ತರಿ. ಗುರುತಿನ ಚೀಟಿಗೆ ನಾಳೆಯೊಳಗೆ ಫೋಟೊ ಕೊಡಬೇಕು.

"ಗದ್ದ ಸ್ವಲ್ಪ ಇಳಿಸಮ್ಮಾ. ಕಣ್ಣು ಇಳಿಸ್ಬೇಡ, ಗದ್ದ ಮಾತ್ರ."

"ಅಣ್ಣಾ, ಒಂಚೂರು ಬೆಳ್ಳಗೆ ಬರೋ ಹಂಗೆ ತೆಗೀರಿ."

"ನಿಮ್ಮಮ್ಮ ಮಾಡಿರೋದನ್ನ ತಿದ್ದೋಕೆ ನಾನ್ಯಾರು? ಹೂಂ, ಉಸಿರು ಎಳ್ಕೊ. ಈಗ ಬಿಡು."

ಬಿಟ್ಟ ಉಸಿರಿನ ತುದಿಯಲ್ಲಿ ಕ್ಲಿಕ್. ಧನಲಕ್ಷ್ಮಿ ಡಬ್ಬಿ ಎತ್ತಿಕೊಂಡು ಓಡುತ್ತಾಳೆ. ಬಾಗಿಲಲ್ಲಿ ಇನ್ನೂ ನಾಲ್ವರು ನಿಂತಿದ್ದಾರೆ. ಎಲ್ಲರ ಕಣ್ಣೂ ಬಸ್ ಸ್ಟಾಪಿನ ಕಡೆಗೇ.

ಊರಿನ ಉಳಿದ ಸ್ಟುಡಿಯೊಗಳು ತೆರೆಯುವುದು ಹತ್ತು ಗಂಟೆಗೆ. ಏಳಕ್ಕೆ ಮಿಷನ್ ಮುಂದೆ ಕೂರಬೇಕಾದವರಿಗೆ ಮುಖವಿಲ್ಲವೇ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಈ ಸ್ಟುಡಿಯೊದ ಚಿನ್ನಪ್ಪ ಕೂಡ ಕೇಳಲಿಲ್ಲ. ಹದಿನೈದು ವರ್ಷಗಳಿಂದ ಷಟರ್ ಎತ್ತುತ್ತಿದ್ದಾರೆ, ಅಷ್ಟೇ. ಇಂದಿರಾನಗರದಲ್ಲಿ ಗಾಜಿನ ಬಾಗಿಲು ಹಾಕಿಕೊಂಡು ಮದುವೆ ಆಲ್ಬಂ ಮಾಡುವವರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದಿವೆ. ಈ ಐವತ್ತೆರಡು ವರ್ಷದ ಮನುಷ್ಯನ ಬಗ್ಗೆ ಒಂದು ಸಾಲೂ ಬಂದಿಲ್ಲ. ಅದಕ್ಕೇ ಈ ಬರಹ.

ಸ್ಟುಡಿಯೊದ ಹೊರಗೆ ಮೊಳೆಗೆ ಒಂದು ಸ್ಲೇಟು ತೂಗುತ್ತದೆ. ದಿನಕ್ಕೊಂದು ಮಾತನ್ನು ಚಿನ್ನಪ್ಪ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. 'ನೆತ್ತಿ ಮೇಲಿನ ಬಿಸಿಲಲ್ಲಿ ಫೋಟೊ ಬೇಡ, ಕಣ್ಣು ಗುಂಡಿಗೆ ಬೀಳುತ್ತದೆ.' 'ಮಗುವಿನ ಫೋಟೊ ತೆಗೆಯುವಾಗ ಮಗುವಿನಷ್ಟೇ ಎತ್ತರಕ್ಕೆ ಕೂತುಕೊಳ್ಳಿ.' 'ಮುಖಕ್ಕೆ ಪೌಡರ್ ಹಚ್ಚಿದರೆ ಕತ್ತಿಗೂ ಹಚ್ಚಿ, ಇಲ್ಲವೇ ಎರಡಕ್ಕೂ ಬೇಡ.' 'ಗೋಡೆಗೆ ಒರಗಬೇಡಿ, ಎರಡು ಹೆಜ್ಜೆ ಮುಂದೆ ಬನ್ನಿ.' ಮನೆಯಲ್ಲಿ ಸಣ್ಣ ಕ್ಯಾಮೆರಾ ಇರುವವರು ನಿಂತು ಓದಿಕೊಂಡು ಹೋಗುತ್ತಾರೆ. ಬೇರೆ ಸ್ಟುಡಿಯೊದವರೂ ಓದುತ್ತಾರೆ, ಓದಿ ನಗುತ್ತಾರೆ. ಕಸುಬಿನ ಗುಟ್ಟನ್ನು ಬೀದಿಗೆ ಹಾಕುವ ಪೆದ್ದ ಎಂದು.

"ಗುಟ್ಟು ಅಂತ ಇಟ್ಕೊಂಡು ಏನ್ ಮಾಡ್ಲಿ? ಜನಕ್ಕೆ ಕೂತ್ಕೊಳ್ಳೋದು ಗೊತ್ತಿದ್ರೆ ನನಗೇ ಕೆಲಸ ಸಲೀಸು," ಎನ್ನುತ್ತಾರೆ ಚಿನ್ನಪ್ಪ. ಫಿಲ್ಮು ತೊಳೆಯುವ ಡೆವಲಪರ್ ನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ಉಗುರುಗಳು ಕಂದಿಹೋಗಿವೆ. ಎಡ ಅಂಗೈಯ ಚರ್ಮ ವರ್ಷಕ್ಕೆ ಎರಡು ಸಲ ಸುಲಿಯುತ್ತದೆ.

ಒಳಗಿನ ಗೋಡೆಯಲ್ಲಿ ಒಂದೇ ಒಂದು ಫೋಟೊ. ಸಿನಿಮಾ ನಟರದಲ್ಲ, ದೇವರದೂ ಅಲ್ಲ. ಅರವತ್ತು ದಾಟಿದ ಒಬ್ಬ ಹೆಂಗಸು. ನಯವಾದ ಕೆನ್ನೆ, ಕಲೆಯಿಲ್ಲದ ಹಣೆ, ಬಿಳುಪು ಬಣ್ಣ. ಯಾರಿವರು ಎಂದು ಕೇಳಿದವರಿಗೆಲ್ಲ ಚಿನ್ನಪ್ಪ ಕೊಡುವುದು ಒಂದೇ ಉತ್ತರ: "ಅದು ನನ್ನ ತಪ್ಪು."

ತಪ್ಪಿನ ಬೇರು ಶಿವಾಜಿನಗರದಲ್ಲಿದೆ. ಹಳೇ ಮದ್ರಾಸ್ ರಸ್ತೆಯಾಚೆಯ ಹಳ್ಳಿಯೊಂದರ ಕೇರಿಯಲ್ಲಿ ಹುಟ್ಟಿದ ಚಿನ್ನಪ್ಪ ಹದಿನಾರಕ್ಕೆ ಶಿವಾಜಿನಗರದ ಸ್ಟುಡಿಯೊವೊಂದಕ್ಕೆ ಸೇರಿದರು. ಮಾಲೀಕರು ಅಹ್ಮದ್ ಪಾಷಾ. ಚಹಾದ ಲೋಟವನ್ನೂ ಮುಟ್ಟಲು ಬಿಡದ ಊರಿನಿಂದ ಬಂದ ಹುಡುಗನಿಗೆ ತಮ್ಮ ತಟ್ಟೆಯ ಬಿರಿಯಾನಿಯಲ್ಲಿ ಪಾಲು ಕೊಟ್ಟವರು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುವ ವಿದ್ಯೆಯನ್ನೂ ಅವರೇ ಕಲಿಸಿದರು. ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಮೊಡವೆ, ಮಚ್ಚೆ, ಸಿಡುಬಿನ ಗುಳಿ, ಎಲ್ಲವೂ ಮಾಯ. ಗಿರಾಕಿಗಳು ಕೇಳುತ್ತಿದ್ದುದೂ ಅದನ್ನೇ.

"ಪಾಷಾ ಸಾಹೇಬ್ರ ಋಣ ಈ ಜನ್ಮದಲ್ಲಿ ತೀರಲ್ಲ," ಎನ್ನುತ್ತಾರೆ ಚಿನ್ನಪ್ಪ. "ಒಂದೇ ಮಾತು ಹೇಳೋರು, 'ಪೂಛ್ ಕೇ ಕರೋ' ಅಂತ. ಕೇಳಿ ಮಾಡು. ಆ ಒಂದು ಮಾತೇ ನನ್ನ ತಲೆಗೆ ಹೋಗ್ಲಿಲ್ಲ ನೋಡು."

ಸ್ವಂತ ಸ್ಟುಡಿಯೊ ತೆರೆದು ಎರಡು ವರ್ಷವಾಗಿತ್ತು. ತೊಂಬತ್ತೊಂದನೆಯ ಇಸವಿ. ಎದುರಿನ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಮುನಿಶಾಮಮ್ಮನನ್ನು ಮಗ ಕರೆತಂದ. ಹೊಸ ಮನೆಯ ಗೋಡೆಗೆ ಅಮ್ಮನ ಫೋಟೊ ಬೇಕಿತ್ತು. ಆಕೆಯ ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕೆ, ಹುಬ್ಬುಗಳ ನಡುವೆ ಒಂದು ಗೀಟು. ಆಗಿನ ಹುಡುಗಿಯರು ಹಚ್ಚೆ ಎಂದರೆ ನಾಚಿಕೊಳ್ಳುತ್ತಿದ್ದರು, ಅಳಿಸಿಕೊಡಿ ಎನ್ನುತ್ತಿದ್ದರು. ಚಿನ್ನಪ್ಪ ಕೇಳಲೇ ಇಲ್ಲ. ರಾತ್ರಿಯೆಲ್ಲ ಕೂತು ಚುಕ್ಕೆಗಳನ್ನು ತುಂಬಿದರು, ಗೀಟನ್ನು ಮುಚ್ಚಿದರು, ಜೊತೆಗೆ ಬಣ್ಣವನ್ನೂ ಬೆಳ್ಳಗೆ ಮಾಡಿದರು. ಮಗ ಖುಷಿಯಿಂದಲೇ ಒಯ್ದ. ಮೂರು ತಿಂಗಳಿಗೆ ಮುನಿಶಾಮಮ್ಮ ತೀರಿಕೊಂಡರು.

ಹನ್ನೊಂದನೆಯ ದಿನ ಹಾರ ಹಾಕಿದ ಫೋಟೊದ ಮುಂದೆ ತಂಗಿ ಜಟ್ಟೆಮ್ಮ ಕೈಮುಗಿಯಲು ಬಂದು ನಿಂತಳು. ಕೈಮುಗಿಯಲಿಲ್ಲ. "ಇದ್ಯಾರು?" ಎಂದಳು.

ಅಕ್ಕತಂಗಿಯರಿಗೆ ಒಂದೇ ದಿನ, ಒಂದೇ ಜಗಲಿಯಲ್ಲಿ, ಒಬ್ಬಳೇ ಹಚ್ಚೆಯವಳು ಒಂದೇ ಸೂಜಿಯಿಂದ ಚುಚ್ಚಿದ್ದಳು. ಅಳುತ್ತಿದ್ದ ಮಕ್ಕಳಿಗೆ ಅವರಮ್ಮ ಹೇಳಿದ ಮಾತು ಆ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು: ಸತ್ತಾಗ ಒಡವೆಯನ್ನು ಕಳಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಕಳಚಲಾರರು. ಮೇಲಕ್ಕೆ ಜೊತೆಯಲ್ಲಿ ಬರುವುದು ಅದೊಂದೇ. ಯಮನೂ ಕಳಚಲಾರದ್ದನ್ನು ಚಿನ್ನಪ್ಪ ಕಳಚಿದ್ದರು.

ಜಟ್ಟೆಮ್ಮ ನೇರ ಸ್ಟುಡಿಯೊಗೆ ಬಂದಳು. ಪೆನ್ಸಿಲ್ ತಾನೇ, ತೊಳೆದರೆ ಹೋಗುತ್ತದೆ ಎಂದು ಚಿನ್ನಪ್ಪ ಧೈರ್ಯ ಹೇಳಿದರು. ಆಕೆಯ ಕಣ್ಣೆದುರೇ ತೊಳೆಯಲು ಹೋದರು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಚಹಾಕ್ಕೆ ಕಾಯಿಸಿಟ್ಟಿದ್ದ ಬಿಸಿನೀರು. ನೆಗೆಟಿವ್‌ನ ಪದರ ಕರಗಿ, ಕೆನೆಯ ಹಾಗೆ ಸುಕ್ಕುಗಟ್ಟಿ ಬಟ್ಟಲಿನಲ್ಲಿ ತೇಲಿತು.

"ಪೆನ್ಸಿಲ್ ಜೊತೆ ಮುಖಾನೂ ಹೋಯ್ತು," ಎನ್ನುವಾಗ ಚಿನ್ನಪ್ಪ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾರೆ. "ಆಯಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಬಟ್ಲು ನೋಡಿದ್ರು, ನನ್ನ ನೋಡಿದ್ರು, ಹೊರಟೋದ್ರು."

ಅಂದಿನಿಂದ ಪೆನ್ಸಿಲ್ ಮುಟ್ಟಿಲ್ಲ. ಮುನಿಶಾಮಮ್ಮನ ಮಗನ ಮನೆಗೆ ಹೋಗಿ ಕಾಲು ಹಿಡಿದು ಒಂದು ಪ್ರತಿ ತೆಗೆದುಕೊಂಡು ಬಂದು ಗೋಡೆಗೆ ಹಾಕಿಕೊಂಡರು. ಒಂದು ಆಸೆ ಮಾತ್ರ ಉಳಿದುಕೊಂಡಿತು. ಆ ಮೂರು ಚುಕ್ಕೆ, ಆ ಗೀಟು, ಹಾಗೆಯೇ ಇರುವ ಇನ್ನೊಂದು ಮುಖ ಭೂಮಿಯ ಮೇಲಿದೆ. ಅದು ಜಟ್ಟೆಮ್ಮನದು. ಸ್ಟುಡಿಯೊದಿಂದ ಮೂವತ್ತು ಹೆಜ್ಜೆ ದೂರದಲ್ಲಿ, ದಿನಾ ಬೆಳಿಗ್ಗೆ ಗೋಣಿಚೀಲದ ಮೇಲೆ ಕೂತು ಸೊಪ್ಪು ಮಾರುತ್ತಾಳೆ. ಅವಳಿಗೂ ಈಗ ಎಪ್ಪತ್ತೈದು ದಾಟಿದೆ. ಅವಳೂ ಹೋದರೆ ಆ ಗುರುತು ಎಲ್ಲಿಯೂ ಉಳಿಯುವುದಿಲ್ಲ.

ಹದಿಮೂರು ವರ್ಷಗಳಿಂದ ಚಿನ್ನಪ್ಪ ಕೇಳುತ್ತಲೇ ಇದ್ದಾರೆ. ಜಟ್ಟೆಮ್ಮ ಮುಖ ಎತ್ತಿಯೂ ನೋಡಿಲ್ಲ. ಚಿನ್ನಪ್ಪನವರ ಹೆಂಡತಿ ಸುಕನ್ಯ ನಗುತ್ತಲೇ ಹೇಳುತ್ತಾರೆ: "ನಾನು ಹೋದ್ರೆ ಸೊಪ್ಪು ಕೊಡ್ತಾರೆ, ಮೇಲೆ ಎರಡು ಕಡ್ಡಿ ಕೊತ್ತಂಬರೀನೂ ಹಾಕ್ತಾರೆ. ಇವ್ರು ಹೋದ್ರೆ, ಬುಟ್ಟಿ ತುಂಬ ಇದ್ರೂ, 'ಖಾಲಿ' ಅಂತಾರೆ."

ಫೋಟೊ ಕತ್ತರಿಸಿ ಕವರಿಗೆ ಹಾಕುವುದು ಸುಕನ್ಯರ ಕೆಲಸ. ಎರಡು ವರ್ಷದ ಹಿಂದೆ ದಿನಕ್ಕೆ ನಲವತ್ತು ಜನ ಈ ಸ್ಟೂಲಿನ ಮೇಲೆ ಕೂರುತ್ತಿದ್ದರು. ಈಗ ಹನ್ನೆರಡು, ಹೆಚ್ಚೆಂದರೆ ಹದಿನೈದು. ಕಾರಣ ರಸ್ತೆಯ ಆಚೆಗೇ ಇದೆ. ಹೋದ ವರ್ಷ ಅಲ್ಲಿ ಕಂಪ್ಯೂಟರ್ ಫೋಟೊ ಅಂಗಡಿ ತೆರೆದಿದೆ. ಐದು ನಿಮಿಷದಲ್ಲಿ ಫೋಟೊ, ಅದೂ ಬೆಳ್ಳಗೆ. ಹೇಳುವುದೇ ಬೇಡ, ಗುಂಡಿ ಒತ್ತಿದರೆ ಕೋಲಾರದ ಬಿಸಿಲಲ್ಲಿ ಬೆಂದ ಮುಖಗಳೆಲ್ಲ ಸುಣ್ಣ ಬಳಿದ ಗೋಡೆಗಳಾಗುತ್ತವೆ. ಕಪ್ಪು ಮುಖ ಕಂಡರೆ ಇವರಿಗೆ ಯಾಕಿಷ್ಟು ಉರಿ? ಬಿಸಿಲಲ್ಲಿ ದುಡಿದದ್ದು ಅಪರಾಧವೇ?

ನನಗೆ ಸಿಟ್ಟು ಬರಲು ಕಾರಣವಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೊದಲ ಕೆಲಸಕ್ಕೆ ಹೋದಾಗ, ಯಾವುದೋ ಸ್ಟುಡಿಯೊದವರು ಬೆಳ್ಳಗೆ ಮಾಡಿಕೊಟ್ಟ ಫೋಟೊ ನೋಡಿ ಗೇಟಿನವನು "ಇದು ನೀನಲ್ಲ, ಹೋಗು" ಎಂದಿದ್ದ. ಮಾರನೆಯ ಬೆಳಿಗ್ಗೆ ಐದೂವರೆಗೆ ತೆರೆದಿದ್ದ ಬಾಗಿಲು ಇದೊಂದೇ. ಗದ್ದ ಇಳಿಸು, ಕಣ್ಣು ಇಳಿಸಬೇಡ ಎಂದು ನನಗೂ ಹೇಳಿದವರು ಇವರೇ. ಮರುದಿನ ಏಳು ಗಂಟೆಗೆ ಗೇಟಿನವನು ಫೋಟೊ ನೋಡಿದ, ನನ್ನನ್ನು ನೋಡಿದ, ಒಳಗೆ ಬಿಟ್ಟ. ಆ ಬೆಳಗನ್ನು ನಾನು ಮರೆತಿಲ್ಲ.

ಇಷ್ಟು ಬರೆದುಕೊಂಡು ಕೂತಿರುವಾಗಲೇ ಬಾಗಿಲಲ್ಲಿ ನೆರಳು ಬೀಳುತ್ತದೆ. ಜಟ್ಟೆಮ್ಮ! ಹಿಂದೆ ಮೊಮ್ಮಗಳು ಬೃಂದಾ. ಜಟ್ಟೆಮ್ಮನ ಕೈಯಲ್ಲಿ ಒಂದು ಕವರು. ಅದನ್ನು ಟೇಬಲ್ಲಿನ ಮೇಲೆ ಬಿಸಾಕುತ್ತಾಳೆ.

"ಪಿಂಚಣಿ ಅರ್ಜಿಗೆ ಅಂತ ನಿನ್ನೆ ಎದುರುಗಡೆ ತೆಗೆಸಿದ್ವಿ," ಎನ್ನುತ್ತಾಳೆ ಬೃಂದಾ. "ಅಜ್ಜಿ ರಾತ್ರಿಯಿಂದ ಒಂದೇ ರಂಪ."

ಕವರಿನೊಳಗೆ ನಾಲ್ಕು ಜಟ್ಟೆಮ್ಮಂದಿರು. ನಾಲ್ವರೂ ಬೆಳ್ಳಗಿದ್ದಾರೆ. ನಾಲ್ವರ ಗದ್ದದ ಮೇಲೂ ಏನೂ ಇಲ್ಲ.

"ಇವನೂ ಅಳಿಸ್ದ," ಎನ್ನುತ್ತಾಳೆ ಜಟ್ಟೆಮ್ಮ. 'ಖಾಲಿ' ಎಂಬುದನ್ನು ಬಿಟ್ಟರೆ, ಹದಿಮೂರು ವರ್ಷದ ಮೇಲೆ ಚಿನ್ನಪ್ಪನವರಿಗೆ ಆಕೆ ಆಡಿದ ಮೊದಲ ಮಾತು.

ಚಿನ್ನಪ್ಪ ನಾಲ್ಕೂ ಫೋಟೊಗಳನ್ನು ಮತ್ತೆ ಕವರಿಗೆ ಹಾಕುತ್ತಾರೆ. "ನಾನ್ ತೆಗೀಲಾ, ಜಟ್ಟೆಮ್ಮಕ್ಕಾ?"

"ಮತ್ತೆ ಇಲ್ಲಿಗೆ ಸೊಪ್ಪು ಮಾರೋಕೆ ಬಂದಿದೀನಾ? ತೆಗಿ. ನೀನು ಒಂದ್ಸಲ ಕೈ ಸುಟ್ಕೊಂಡೋನು. ಅವನಿಗಿನ್ನೂ ಸುಟ್ಟಿಲ್ಲ."

ಆದರೆ ಕೆಲಸ ಸುಲಭವಲ್ಲ. ಅರವತ್ತು ವರ್ಷಕ್ಕೂ ಹಳೆಯ ಹಚ್ಚೆ ಹಸಿರಾಗಿ ಮಾಸಿ, ಕಪ್ಪು ಚರ್ಮದೊಳಗೆ ಇಂಗಿಹೋಗಿದೆ. ಫ್ಲ್ಯಾಷ್ ಹೊಡೆದರೆ ಅಷ್ಟೂ ಮುಚ್ಚಿಹೋಗುತ್ತದೆ. ಅಳಿಸುವವರೇ ಬೇಡ, ತಾನಾಗಿಯೇ ಕಾಣದು. ಚಿನ್ನಪ್ಪ ದೀಪಗಳನ್ನು ಆರಿಸುತ್ತಾರೆ. ಸ್ಟೂಲನ್ನು ಬಾಗಿಲ ಬಳಿಗೆ ಎಳೆದು, ಬೆಳಗಿನ ಬೆಳಕು ಕೆನ್ನೆಯ ಪಕ್ಕದಿಂದ ಬರುವಂತೆ ಇಡುತ್ತಾರೆ. ಬಿಸ್ಕತ್ ಡಬ್ಬಿಯಿಂದ ಒಂದು ಕಪ್ಪುಬಿಳುಪು ರೋಲು ಹೊರಬರುತ್ತದೆ. ಈ ದಿನ ಬಂದೀತೆಂದು ವರ್ಷ ವರ್ಷವೂ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದರಂತೆ. ಲೆನ್ಸಿಗೆ ಒಂದು ಕೆಂಪು ಗಾಜು.

"ಕೆಂಪು ಗಾಜಲ್ಲಿ ಹಸಿರು ಕಪ್ಪಾಗ್ತದೆ," ಎಂದು ನನ್ನ ಕಡೆ ತಿರುಗದೆಯೇ ಹೇಳುತ್ತಾರೆ. "ಆದ್ರೆ ಮುಖ ಬೆಳ್ಳಗಾಗೋಕೆ ನೋಡ್ತದೆ. ಅದನ್ನ ಪ್ರಿಂಟಲ್ಲಿ ಹಿಡೀಬೇಕು."

"ನಗಬೇಕಾ?" ಜಟ್ಟೆಮ್ಮ ಕೇಳುತ್ತಾಳೆ.

"ನಿಮ್ಮಿಷ್ಟ."

"ನಿನ್ನ ನೋಡ್ಕೊಂಡು ನಗು ಬರಲ್ಲ."

ಬೃಂದಾ ಕಿಸಕ್ಕನೆ ನಗುತ್ತಾಳೆ. ಅಜ್ಜಿಯ ತುಟಿಯ ಕೊನೆ ಚೂರು ಅಲುಗುತ್ತದೆ. ಕ್ಲಿಕ್.

ಮಾರನೆಯ ದಿನ ಅದೇ ಹೊತ್ತಿಗೆ ನಾನೂ ಹೋಗಿದ್ದೇನೆ. ಚಿನ್ನಪ್ಪನವರ ಕಣ್ಣುಗಳು ಕೆಂಪಗಿವೆ. ಕಪ್ಪು ಕಪ್ಪಾಗಿಯೇ ಬರಲಿ ಎಂದು ಪ್ರಿಂಟನ್ನು ಏಳು ಸಲ ಮಾಡಿದ್ದಾರೆ. ಜಟ್ಟೆಮ್ಮ ಬಂದು ಫೋಟೊ ಕೈಗೆ ತೆಗೆದುಕೊಳ್ಳುತ್ತಾಳೆ. ಕಣ್ಣಿನ ಹತ್ತಿರ ತರುತ್ತಾಳೆ, ದೂರ ಹಿಡಿಯುತ್ತಾಳೆ. ಹೆಬ್ಬೆರಳಿನಿಂದ ಗದ್ದದ ಮೇಲೆ ಎಣಿಸುತ್ತಾಳೆ. ಒಂದು, ಎರಡು, ಮೂರು.

"ಸರಿಯಾಗೈತೆ," ಎನ್ನುತ್ತಾಳೆ.

ಆಮೇಲೆ ಮೊಮ್ಮಗಳಿಗೆ, "ಅಕ್ಕನ ಮಗನ ಮನೇಲಿ ಅಕ್ಕನ ಪಕ್ಕ ಹಾಕು. ಅಕ್ಕ ಹೆಂಗಿದ್ಲು ಅಂತ ಯಾರಾದ್ರೂ ಕೇಳಿದ್ರೆ ನನ್ನ ತೋರ್ಸಿ. ಹಾರ ಗೀರ ಈಗ್ಲೇ ಹಾಕ್ಬಿಟ್ಟೀರ, ನಾನಿನ್ನೂ ಇದೀನಿ!"

ಚಿನ್ನಪ್ಪ ಗೋಡೆಯ ಕಡೆ ನೋಡುತ್ತಾರೆ. "ಅಕ್ಕಾ, ಇನ್ನು ಅದನ್ನ ಇಳಿಸಿಬಿಡ್ಲಾ?"

ಜಟ್ಟೆಮ್ಮ ಗೋಡೆಯ ಮೇಲಿನ ಬೆಳ್ಳಗಿನ ಅಕ್ಕನನ್ನು ಒಂದು ಗಳಿಗೆ ನೋಡುತ್ತಾಳೆ. "ಇರ್ಲಿ. ಇಳಿಸಿದ್ರೆ ಮರ್ತುಬಿಡ್ತೀಯ. ಪಕ್ಕದಲ್ಲಿ ನಂದೊಂದು ಹಾಕು."

ಹೊರಡುವಾಗ ಬುಟ್ಟಿಯಿಂದ ಒಂದು ಕಟ್ಟು ದಂಟಿನ ಸೊಪ್ಪನ್ನು ಟೇಬಲ್ಲಿನ ಮೇಲೆ ಇಟ್ಟು ಹೋಗುತ್ತಾಳೆ. ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಒಳಗಿನಿಂದ ಸುಕನ್ಯ ಬಂದು ಸೊಪ್ಪು ನೋಡಿ, ಗಂಡನನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಚಿನ್ನಪ್ಪ ಮೊಳೆ ಹೊಡೆದು, ಫೋಟೊ ತೂಗುಹಾಕಿ, ಓರೆಯಾಗಿದೆಯೇ ಎಂದು ಎರಡು ಸಲ ನೋಡುತ್ತಾರೆ. ಇನ್ನೇನಾದರೂ ಆಸೆ ಉಂಟೇ ಎಂದು ನಾನು ಪುಸ್ತಕ ಹಿಡಿದು ಕೇಳುತ್ತೇನೆ. ಬಾಗಿಲಲ್ಲಿ ಆಗಲೇ ಡಬ್ಬಿ ಹಿಡಿದ ಹುಡುಗಿಯರು ಮೂವರು ನಿಂತಿದ್ದಾರೆ.

"ಆರೂಕಾಲಿನ ಬಸ್ಸು ಬರೋ ಹೊತ್ತಾಯ್ತು," ಎನ್ನುತ್ತಾರೆ ಚಿನ್ನಪ್ಪ, ಕ್ಯಾಮೆರಾ ಎತ್ತಿಕೊಳ್ಳುತ್ತ. "ಸ್ವಲ್ಪ ಈ ಕಡೆ ಬಾರೋ. ಮಗು ಮುಖಕ್ಕೆ ಬರೋ ಬೆಳಕಿಗೆ ಅಡ್ಡ ನಿಂತಿದೀಯ."